ಸಹಾಯ ಬೇಕು: ಐರಿಶ್ ಕಾಫಿಯ ಮೇಲೆ ಕೆನೆ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ಅಕ್ಕ ಮತ್ತು ಭಾವ ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಗೆ ಬರುತ್ತಿದ್ದು, ಇಲ್ಲಿಯ ಡಿಸೆಂಬರ್ ಚಳಿಗೆ ಒಪ್ಪುವಂತೆ ರಾತ್ರಿಯ ಊಟದ ನಂತರ ಅವರಿಗೆ ಐರಿಶ್ ಕಾಫಿ ಮಾಡಿಕೊಡಬೇಕೆಂದಿದ್ದೇನೆ.

ಕಳೆದ ಭಾನುವಾರ 120 ಮಿ.ಲೀ. ಬಿಸಿ ಡಿಕಾಕ್ಷನ್‌ಗೆ 50 ಮಿ.ಲೀ. ಐರಿಶ್ ವಿಸ್ಕಿ ಬೆರೆಸಿ, ಅದರ ಮೇಲೆ 50 ಮಿ.ಲೀ. ತಣ್ಣನೆಯ ಕೆನೆಯನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಬಿಟ್ಟೆ. ಕೆನೆ ಕ್ಷಣಾರ್ಧದಲ್ಲಿ ಮುಳುಗಿ, ಲೋಟದಲ್ಲಿ ಉಳಿದದ್ದು ಮಾಮೂಲಿ ಹಾಲು ಕಾಫಿಯ ಬಣ್ಣ ಮಾತ್ರ. ನನ್ನ ಕಡೆಯಿಂದ ಎರಡು ತಪ್ಪುಗಳಾಗಿರಬಹುದು. ಪೊಟ್ಟಣದ ಕೆನೆಯಲ್ಲಿ ಕೊಬ್ಬಿನಂಶ ಶೇ. 25 ಮಾತ್ರವಿತ್ತು, ಕಡೆದರೆ ಗಟ್ಟಿಯಾಗಲು ಶೇ. 30ಕ್ಕಿಂತ ಹೆಚ್ಚು ಬೇಕಂತೆ. ಜೊತೆಗೆ, ಭಾವನವರಿಗೆ ಮಧುಮೇಹವಿರುವುದರಿಂದ ಸಕ್ಕರೆಯನ್ನು ಪೂರ್ತಿ ಬಿಟ್ಟಿದ್ದೆ. ಆದರೆ ಕಾಫಿಯ ಸಾಂದ್ರತೆಯನ್ನು ಹೆಚ್ಚಿಸಿ ಕೆನೆಯನ್ನು ತೇಲಿಸುವುದೇ ಆ ಒಂದು ಚಮಚ ಸಕ್ಕರೆ ಎಂದು ಆಮೇಲೆ ತಿಳಿಯಿತು. (ರುಚಿಗಷ್ಟೇ ಎಂದುಕೊಂಡಿದ್ದೆ!)

ನಮಗೆ ದಿನವೂ ಒಳ್ಳೆಯ ಎಮ್ಮೆ ಹಾಲು ಸಿಗುತ್ತದೆ. ಅದನ್ನು ಕಾಯಿಸಿದಾಗ ಬರುವ ಕೆನೆಯನ್ನು ಸೋಸಿ, ತಣ್ಣಗಾಗಿಸಿ, ಬೆಣ್ಣೆ ಬಿಡದಂತೆ ಹಗುರವಾಗಿ ಕಡೆದು ಬಳಸಬಹುದೇ, ಅಥವಾ ಅದರಲ್ಲಿ ಗಂಟುಗಳು ಉಳಿಯುತ್ತವೆಯೇ? ಸಕ್ಕರೆಯಿಲ್ಲದೆಯೇ ಕೆನೆಯನ್ನು ತೇಲಿಸಿದವರು ಯಾರಾದರೂ ಇದ್ದೀರಾ? ಚಿಕೋರಿ ಬೆರೆತ ಪುಡಿ ವಿಸ್ಕಿಗೆ ಹೊಂದುತ್ತದೆಯೇ ಎಂಬುದನ್ನೂ ತಿಳಿಸಿ. ಅಕ್ಕ ಮದ್ಯ ಮುಟ್ಟುವುದಿಲ್ಲವಾದ್ದರಿಂದ, ವಿಸ್ಕಿಯಿಲ್ಲದ ಲೋಟಕ್ಕೂ ಇದೇ ಕೆನೆ ಒದಗಬೇಕು. ಅವರು 24ರಂದು ಬರುತ್ತಾರೆ. ಅದಕ್ಕೆ ಮೊದಲು ಇನ್ನೊಮ್ಮೆ ಮಾಡಿ ನೋಡುವವಳಿದ್ದೇನೆ.