ಸಹಾಯ ಬೇಕು: ಪ್ರಾಚೀನ ಕೊರಿಯಾದ ಆತ್ಮಹತ್ಯೆಗಳ ಕಾರಣ ವಿಂಗಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1145ರಲ್ಲಿ ಕಿಮ್ ಬುಸಿಕ್ ಮುಗಿಸಿದ 'ಸಾಮ್ಗುಕ್ ಸಾಗಿ' ಚರಿತ್ರೆಯಲ್ಲಿ ಬರುವ ಆತ್ಮಹತ್ಯೆಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಗೊಗುರ್ಯೊ ರಾಜ್ಯದ ಮೂರು ಪ್ರಸಂಗಗಳಲ್ಲೇ ಸಿಕ್ಕಿಬಿದ್ದಿದ್ದೇನೆ.

248ರಲ್ಲಿ ದೊರೆ ಡೊಂಗ್ಚೊನ್ ತೀರಿಕೊಂಡಾಗ ಹತ್ತಿರದವರು ಜೊತೆಗೇ ಸಾಯಲು ಹೊರಟರು. ಹೊಸ ದೊರೆ ತಡೆದರೂ ಸಮಾಧಿಯ ಬಳಿ ಎಷ್ಟೋ ಜನ ಪ್ರಾಣ ಬಿಟ್ಟರು. ಇದನ್ನು ಸ್ವಾಮಿನಿಷ್ಠೆ ಎಂದು ಬರೆದುಕೊಂಡೆ. ಕ್ರಿ.ಶ. 9ರಲ್ಲಿ ರಾಜಕುಮಾರ ಹೆಮ್ಯೊಂಗ್ ತಾನೇ ಪ್ರಾಣ ಬಿಟ್ಟದ್ದು ದೊರೆಯಾಗಿದ್ದ ತಂದೆಯ ಆಜ್ಞೆಯಿಂದ. ಅದು ಶಿಕ್ಷೆಯೇ ಅಲ್ವಾ?

ನಿಜವಾಗಿ ಕಾಡುತ್ತಿರುವುದು ಇನ್ನೊಬ್ಬ ರಾಜಕುಮಾರ ಹೋದೊಂಗ್. ಕ್ರಿ.ಶ. 32ರಲ್ಲಿ ಅವನ ಮಲತಾಯಿಯಾದ ಪಟ್ಟದ ರಾಣಿ ಅವನ ಮೇಲೆ ಸುಳ್ಳು ದೂರು ಹೇಳಿದಳು. ನಿಜ ಹೇಳಿದರೆ ಆ ತಾಯಿಯ ತಪ್ಪು ಬಯಲಾಗುತ್ತದೆ, ದೊರೆಯಾದ ತಂದೆಗೆ ನೋವಾಗುತ್ತದೆ ಎಂದು ಅವನು ಬಾಯಿ ಬಿಡದೆ ತಾನೇ ಪ್ರಾಣ ಬಿಟ್ಟ. ಓದುವಾಗ ಹೊಟ್ಟೆ ಕಿವುಚುತ್ತದೆ. ಕಿಮ್ ಬುಸಿಕ್ ದೊರೆಯನ್ನೂ ಬೈಯುತ್ತಾನೆ, ಮಗನನ್ನೂ ಬಿಡುವುದಿಲ್ಲ.

ಕಾರಣಗಳ ಪಟ್ಟಿ ಎರಡು ಸಲ ಮಾಡಿ ಹರಿದು ಹಾಕಿದೆ. ಬರೆದವನು ಕನ್‌ಫ್ಯೂಷಿಯಸ್ ಪಂಥದ ವಿದ್ವಾಂಸ, ಅದೂ ಸಾವಿರದ ನೂರು ವರ್ಷ ಆದ ಮೇಲೆ. ಹಾಗಾದರೆ 'ಪಿತೃಭಕ್ತಿ' ಹೋದೊಂಗ್‌ನ ಕಾರಣವೋ, ಬರೆದವನ ಕಾಲದ ಮಾತೋ?

ಇತಿಹಾಸ ಓದಿದವರು ದಯವಿಟ್ಟು ಹೇಳಿ: ಹೆಮ್ಯೊಂಗ್‌ನನ್ನು ಈ ಪಟ್ಟಿಯಿಂದ ತೆಗೆಯಬೇಕಾ? ಹೋದೊಂಗ್‌ನನ್ನು ಪಿತೃಭಕ್ತಿ, ಅವಮಾನ, ಯಾವುದರ ಕೆಳಗೆ ಇಡಲಿ?