ಕ್ಯಾಂಡಿ ಬರೀ ಕನಿಕರಕ್ಕಾಗಿ ಇಟ್ಟ ಪಾತ್ರವೇ?

ಪ್ರಶ್ನೆ:
ಜಾನ್ ಸ್ಟೈನ್‌ಬೆಕ್ 1937ರಲ್ಲಿ ಪ್ರಕಟಿಸಿದ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯ ಮುದಿ ಕೂಲಿಯಾಳು ಕ್ಯಾಂಡಿಯ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ. ಅವನ ನಾಯಿಯನ್ನು ಕೊಲ್ಲುವ ಪ್ರಸಂಗ, ಬುದ್ಧಿ ಬೆಳೆಯದ ಕೂಲಿಯಾಳು ಲೆನ್ನಿಯನ್ನು ಅವನ ಗೆಳೆಯ ಜಾರ್ಜ್ ಗುಂಡಿಟ್ಟು ಕೊಲ್ಲುವ ಅಂತ್ಯದ ಮುನ್ಸೂಚನೆ ಎಂದು ಎಲ್ಲ ಗೈಡುಗಳೂ ಹೇಳುತ್ತವೆ. ಅದರಾಚೆಗೆ ಈ ಪಾತ್ರಕ್ಕೆ ತನ್ನದೇ ಆದ ತೂಕವಿದೆಯೇ?

ಪ್ರತಿಕ್ರಿಯೆ 1:
ಖಂಡಿತ ಇದೆ, ಹಣದ ಲೆಕ್ಕವನ್ನು ಗಮನಿಸಿ. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿಯ ರ‍್ಯಾಂಚಿನಲ್ಲಿ ಬಲಗೈ ಕಳೆದುಕೊಂಡದ್ದಕ್ಕೆ ಅವನಿಗೆ 250 ಡಾಲರ್ ಸಿಕ್ಕಿದೆ, ಬ್ಯಾಂಕಿನಲ್ಲಿ ಇನ್ನೂ 50 ಇದೆ, ತಿಂಗಳ ಕೊನೆಗೆ ಮತ್ತೆ 50 ಬರಲಿದೆ. ಜಾರ್ಜ್ ಕಣ್ಣಿಟ್ಟಿರುವ ಜಮೀನಿನ ಬೆಲೆ 600. ಅದುವರೆಗೆ ಲೆನ್ನಿಯನ್ನು ಸಮಾಧಾನಪಡಿಸಲು ಹೇಳುವ ಕಥೆಯಂತಿದ್ದ ಸ್ವಂತ ಜಮೀನಿನ ಕನಸು, ಹೋದ ಕೈಗೆ ಸಿಕ್ಕ ಪರಿಹಾರದ ಬಲದಿಂದಲೇ ಕೈಗೆಟುಕುವಂತಾಗುತ್ತದೆ. ಅಡುಗೆ ಮಾಡುತ್ತೇನೆ, ಕೋಳಿ ನೋಡಿಕೊಳ್ಳುತ್ತೇನೆ, ನನ್ನ ಪಾಲನ್ನು ನಿಮ್ಮ ಹೆಸರಿಗೇ ಉಯಿಲು ಬರೆಯುತ್ತೇನೆ ಎನ್ನುವಾಗ ಕ್ಯಾಂಡಿ ದಯೆ ಬೇಡುತ್ತಿಲ್ಲ, ವ್ಯವಹಾರ ಕುದುರಿಸುತ್ತಿದ್ದಾನೆ. ಆ ಅವಸರಕ್ಕೆ ಕಾರಣವೂ ಇದೆ: 1935ರ ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆ ತನ್ನ ವೃದ್ಧಾಪ್ಯ ವಿಮೆಯಿಂದ ಕೃಷಿ ಕೂಲಿಗಳನ್ನು ಹೊರಗಿಟ್ಟಿತ್ತು.

ಪ್ರತಿಕ್ರಿಯೆ 2:
ಲೆಕ್ಕ ಸರಿ, ಆದರೆ ನಾಯಿಯ ಪ್ರಸಂಗವನ್ನು ಗೈಡುಗಳಿಗೇ ಬಿಟ್ಟುಕೊಡಬೇಡಿ. ನಾಯಿಯನ್ನು ಕೊಲ್ಲಬೇಕೆನ್ನುವ ಜೊತೆಯಾಳು ಕಾರ್ಲ್‌ಸನ್ ದುಷ್ಟನಲ್ಲ, ನಾಯಿ ನಾರುತ್ತದೆ, ಅದಕ್ಕೆ ಹಲ್ಲಿಲ್ಲ, ಬದುಕಿ ಅದಕ್ಕೇನೂ ಸುಖವಿಲ್ಲ ಎಂಬ ಅವನ ವಾದಗಳೆಲ್ಲ ನ್ಯಾಯವಾಗಿಯೇ ಇವೆ. ದಿಕ್ಕುತೋಚದೆ ಕ್ಯಾಂಡಿ ಇನ್ನೊಬ್ಬ ಆಳು ಸ್ಲಿಮ್‌ನ ಮುಖ ನೋಡಿದರೆ, ಎಲ್ಲರಿಗಿಂತ ವಿವೇಕಿಯಾದ ಆ ಸ್ಲಿಮ್, ತಾನು ಮುದಿಯಾಗಿ ಅಂಗವಿಕಲನಾದರೆ ಯಾರಾದರೂ ತನ್ನನ್ನೂ ಗುಂಡಿಟ್ಟು ಕೊಲ್ಲಲಿ ಎನ್ನುತ್ತಾನೆ. ಈ ಮಾತನ್ನು ಕೇಳುತ್ತಿರುವವನೇ ಮುದುಕ, ಒಂಟಿಗೈಯವನು! ಅಲ್ಲಿದ್ದವರಾರಿಗೂ ಅದು ಹೊಳೆಯುವುದಿಲ್ಲ. ಕ್ಯಾಂಡಿಗೆ ಮಾತ್ರ ನಾಟಿದೆ; ಆಮೇಲೆ ಅವನೇ, ತನ್ನನ್ನು ಕೆಲಸದಿಂದ ಕಿತ್ತುಹಾಕಿದಾಗ ಯಾರಾದರೂ ಕೊಂದುಬಿಟ್ಟರೆ ಚೆನ್ನಾಗಿತ್ತು, ಆದರೆ ಯಾರೂ ಹಾಗೆ ಮಾಡುವುದಿಲ್ಲ ಎಂದು ಜಾರ್ಜ್‌ನೆದುರು ಹೇಳಿಕೊಳ್ಳುತ್ತಾನೆ. ನಾಯಿಗೆ ಸಿಕ್ಕಷ್ಟೂ ತನಗೆ ಸಿಗದು ಎಂಬುದು ಅವನ ಅಳಲು.

ಪ್ರತಿಕ್ರಿಯೆ 3:
ಇಷ್ಟೆಲ್ಲ ಹೇಳಿಯೂ ಅವನನ್ನು ಸಂತನನ್ನಾಗಿ ಮಾಡುವುದು ಬೇಡ. ಕೊಟ್ಟಿಗೆಯಲ್ಲಿ ಲೆನ್ನಿಯ ಕೈಯಲ್ಲಿ ಸತ್ತ, ಮಾಲೀಕನ ಮಗ ಕರ್ಲಿಯ ಹೆಂಡತಿಯ ಶವ ಬಿದ್ದಿರುವಾಗ ಅವನು ಜಾರ್ಜ್‌ನನ್ನು ಕೇಳುವುದು, ನಾವಿಬ್ಬರೇ ಆ ಜಮೀನು ಕೊಳ್ಳಬಹುದಲ್ಲವೇ ಎಂದು. ಜಾರ್ಜ್ ಹೊರಹೋದ ಮೇಲೆ ಆ ಹೆಣವನ್ನೇ ಹೀನಾಯವಾಗಿ ಬೈಯುತ್ತಾನೆ. ದುರ್ಬಲನ ಸಿಟ್ಟು ತನಗಿಂತ ದುರ್ಬಲರ ಮೇಲೆಯೇ ಹರಿಯುವ ಈ ಘಳಿಗೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ದಾಟಿಬಿಡುತ್ತಾರೆ. ನನ್ನನ್ನು ಕೇಳಿದರೆ, ನಿಮ್ಮ ಪ್ರಬಂಧದ ಅರ್ಧದಷ್ಟಾದರೂ ಇದಕ್ಕೇ ಮೀಸಲಾಗಬೇಕು.