ಹುಡುಗ ಏರ್‌ಪೋರ್ಟಿನಲ್ಲಿದ್ದಾನೆ

ಭಾನುವಾರ ಸಂಜೆ ಪಮ್ಮಿ ಮನೆಯಲ್ಲಿ ಬಿಸಿ ಬೋಂಡಾ ಮುಂದಿಟ್ಟುಕೊಂಡು ಕೂತಿದ್ದೆವು. ಅವಳು ಐಸಾಕ್ ಮೇರಿಯನ್‌ನ 'ವಾರ್ಮ್ ಬಾಡೀಸ್' ಮುಗಿಸಿದ್ದಳು, 2010ರ ಕಾದಂಬರಿ.

"ಪ್ರಪಂಚ ಹಾಳಾಗಿದೆ. ಕಥೆ ಹೇಳುವವನೇ ಜೋಂಬಿ, ಅಂದರೆ ಮನುಷ್ಯರನ್ನು ತಿನ್ನುತ್ತಾ ಓಡಾಡೋ ಹೆಣ. ಏರ್‌ಪೋರ್ಟಿನಲ್ಲಿ ನಿಂತುಹೋದ 747 ವಿಮಾನದೊಳಗೆ ಬಿಡಾರ, ಹಳೇ ಗ್ರಾಮಫೋನ್ ರೆಕಾರ್ಡ್ ಕೂಡಿಡೋ ಹುಚ್ಚು ಬೇರೆ. ಹೆಸರು ಮರೆತಿದೆ, ಮೊದಲಕ್ಷರ 'ಆರ್' ಅಷ್ಟೇ ನೆನಪು."

"ಅಂಥವನು ಇಡೀ ಪುಸ್ತಕ ಹೇಗೆ ಹೇಳುತ್ತಾನೆ?" ಅಂದ ಸೀನ.

"ಮಜಾ ಇರೋದೇ ಅಲ್ಲಿ. ಬಾಯಿಂದ ಎರಡು ಮಾತು ಹೊರಡಿಸೋಕೆ ಒದ್ದಾಡುತ್ತಾನೆ, ತಲೆಯೊಳಗೆ ಮಾತ್ರ ಕವಿ."

"ಹೆಣ್ಣು ನೋಡೋಕೆ ಹೋದಾಗ ನಾನೂ ಹಾಗೇ," ಅಂದ ಸೀನ, ಇನ್ನೊಂದು ಬೋಂಡಾ ಎತ್ತಿಕೊಂಡು.

ಕಥೆಯಲ್ಲಿ ಈ ಆರ್, ಪೆರ್ರಿ ಅನ್ನೋ ಹುಡುಗನ ಮೆದುಳು ತಿನ್ನುತ್ತಾನೆ. ತಿಂದರೆ ಅವನ ನೆನಪೆಲ್ಲ ಇವನಿಗೆ ಬರುತ್ತದೆ, ಅದರಲ್ಲಿ ಪೆರ್ರಿ ಪ್ರೀತಿಸಿದ ಜೂಲಿಯೂ ಇರುತ್ತಾಳೆ. ನಮ್ಮ ಸಿನಿಮಾದಲ್ಲಾದರೆ ಹೀರೋ ಕಿಟಕಿಯಾಚೆ ಮಳೆ ನೋಡಿದರೆ ಸಾಕು, ಫ್ಲ್ಯಾಶ್‌ಬ್ಯಾಕ್ ಶುರು. ಇಲ್ಲಿ ಅಗಿಯಬೇಕು. ಉಳಿದ ಚೂರನ್ನು ಜೇಬಿಗಿಟ್ಟುಕೊಂಡು ಆಮೇಲೆ ಸ್ವಲ್ಪ ಸ್ವಲ್ಪ ಮೆಲ್ಲುತ್ತಾನಂತೆ. ಸೀನ ಕಚ್ಚಿದ ಬೋಂಡಾದ ಒಳಗಿನ ಬಿಳೀ ಭಾಗ ಒಮ್ಮೆ ನೋಡಿ ತಟ್ಟೆಗೆ ವಾಪಸ್ ಇಟ್ಟ.

"ಹಾಗಾದರೆ ಜೂಲಿಯನ್ನು ಪ್ರೀತಿಸೋದು ಇವನಾ, ಇವನ ಹೊಟ್ಟೆಯಲ್ಲಿರೋ ಅವನಾ?" ಅಂತ ನಾನು ಕೇಳಿದೆ. ಪಮ್ಮಿ ಉತ್ತರ ಕೊಡಲಿಲ್ಲ. ನನಗಂತೂ ಇಡೀ ಕಾದಂಬರಿ ನಿಂತಿರೋದು ಆ ಒಂದು ಅನುಮಾನದ ಮೇಲೆ ಅನ್ನಿಸಿತು.

ಅಷ್ಟು ಹೊತ್ತು ಸುಮ್ನೆ ಟೀ ಕುಡಿಯುತ್ತಿದ್ದ ಮೇಷ್ಟ್ರು ಲೋಟ ಕೆಳಗಿಟ್ಟರು. "ಆರ್ ಅಂದರೆ ರೋಮಿಯೋ, ಜೂಲಿ ಅಂದರೆ ಜೂಲಿಯೆಟ್, ಪೆರ್ರಿ ಅಂದರೆ ಪ್ಯಾರಿಸ್, ಜೂಲಿಯೆಟ್‌ಗೆ ಮನೆಯವರು ನೋಡಿದ್ದ ಗಂಡು. ಶೇಕ್ಸ್‌ಪಿಯರ್ ನಾಟಕದಲ್ಲಿ ರೋಮಿಯೋ ಪ್ಯಾರಿಸ್‌ನನ್ನು ಕೊಲ್ಲೋದು ಕೊನೇ ಅಂಕದಲ್ಲಿ, ಗೋರಿಯ ಹತ್ತಿರ. ಈ ಲೇಖಕ ಅದನ್ನು ಮೊದಲಿಗೇ ತಂದಿದ್ದಾನೆ. ಅಲ್ಲಿ ಪ್ರೇಮಿಗಳು ಹೆಣವಾದರೆ ಕಥೆ ಮುಗೀತು, ಇಲ್ಲಿ ಹೆಣ ಪ್ರೇಮಿಯಾದರೇ ಕಥೆ ಶುರು. ನಾಟಕದಲ್ಲಿ ಅವರಿಬ್ಬರು ಪ್ರೇಮದ ಮಾತಾಡೋ ಬಾಲ್ಕನಿ ಇಲ್ಲೂ ಇದೆಯೇನಮ್ಮ?"

"ಇದೆ ಮೇಷ್ಟ್ರೇ. ಬದುಕಿದವರೆಲ್ಲ ಸ್ಟೇಡಿಯಂ ಒಳಗೆ ಕೋಟೆ ಕಟ್ಟಿಕೊಂಡಿದ್ದಾರೆ, ಹುಡುಗಿಯ ಅಪ್ಪ ಅಲ್ಲಿಯ ಜನರಲ್."

"ಮಾವನ ವಿಷಯ ಮಾತ್ರ ಯಾವ ಕಾಲಕ್ಕೂ ಬದಲಾಗಲ್ಲ ಬಿಡಿ," ಅಂದ ಸೀನ.

ಅಷ್ಟರಲ್ಲಿ ಪಮ್ಮಿಯ ಅಮ್ಮ ಇನ್ನೊಂದು ಒಬ್ಬೆ ಬೋಂಡಾ ತಂದರು. "ಯಾರದ್ರೋ ಮದುವೆ ಮಾತು? ಹುಡುಗ ಎಲ್ಲಿದ್ದಾನೆ?"

"ಏರ್‌ಪೋರ್ಟಿನಲ್ಲಮ್ಮ," ಅಂದ ಸೀನ.

"ಒಳ್ಳೇದಾಯ್ತು. ಸಸ್ಯಾಹಾರಿ ತಾನೇ?"